ಕ್ಯಾರವಾನ್ ಹಿಚ್ ಸದ್ದು ಮಾಡುತ್ತಿದೆಯಾ? ಗ್ರೀಸ್ ಡಬ್ಬಿ ತೆಗೆಯುವ ಮುಂಚೆ ಇಷ್ಟು ನೋಡಿ

ಮಂಡ್ಯ ಕಡೆ ಕಬ್ಬು ಕಡಿಯುವ ಕಾಲದಲ್ಲಿ ರಸ್ತೆ ಪಕ್ಕ ನಿಂತರೆ, ಟ್ರೇಲರ್ ಕಣ್ಣಿಗೆ ಬೀಳುವ ಮೊದಲೇ ಅದರ ಕೊಂಡಿಯ ಗಡಗಡ ಕೇಳುತ್ತದೆ. ಅದಕ್ಕೆ ಟ್ರ್ಯಾಕ್ಟರ್ ಡ್ರೈವರುಗಳ ಹತ್ತಿರ ಮದ್ದು ರೆಡಿ ಇರುತ್ತದೆ. ಪಿನ್ನಿಗೆ ಒಂದಿಷ್ಟು ಗ್ರೀಸ್, ಅದಿಲ್ಲದಿದ್ದರೆ ಸುಟ್ಟ ಎಂಜಿನ್ ಆಯಿಲ್. ಸಂದು ದೊಡ್ಡದಾಗಿದ್ದರೆ ಹಳೇ ಟೈರಿನ ತುಂಡು. ಆ ಕೊಂಡಿಗೆ ಅದು ಸರಿಯಾದ ಮದ್ದೇ.

ಕಾರಿನ ಹಿಂದೆ ಕ್ಯಾರವಾನ್, ಅಂದರೆ ಚಕ್ರದ ಮೇಲಿನ ಪುಟ್ಟ ಮನೆ, ಕಟ್ಟಿಕೊಂಡು ಹೋಗುವವರು ನಮ್ಮ ಕಡೆ ಇನ್ನೂ ಕಮ್ಮಿ. ಅದರ ಕೆಲಸ ಗೊತ್ತಿರುವ ಗ್ಯಾರೇಜುಗಳೂ ಕಮ್ಮಿ. ಹಾಗಾಗಿ ಕಾರಿಗೂ ಕ್ಯಾರವಾನಿಗೂ ನಡುವಿನ ಕೊಂಡಿ, ಅಂದರೆ ಹಿಚ್, ಕಿರುಗುಟ್ಟುತ್ತಿದೆ ಅಂದ ಕೂಡಲೇ ಟ್ರ್ಯಾಕ್ಟರ್ ಮದ್ದೇ ಇದಕ್ಕೂ ಬೀಳುತ್ತದೆ. ಹೊಯ್ದಾಟ ತಡೆಯುವ ಸ್ಟೆಬಿಲೈಸರ್ ಇರುವ ಹಿಚ್‌ನ ಬಾಲ್‌ಗೆ, ಅಂದರೆ ಕಾರಿನ ಹಿಂದಿರುವ ಉಕ್ಕಿನ ಚೆಂಡಿಗೆ, ಗ್ರೀಸ್ ಹಚ್ಚಿದರೆ ಸದ್ದೇನೋ ನಿಲ್ಲುತ್ತದೆ. ಸ್ಟೆಬಿಲೈಸರ್ ಮಾಡಬೇಕಾದ ಕೆಲಸವೂ ಜೊತೆಗೇ ನಿಲ್ಲುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ ಬಸ್ಸೊಂದು ಪಕ್ಕದಲ್ಲಿ ರಭಸವಾಗಿ ದಾಟಿ, ಹಿಂದಿನ ಗಾಡಿ ಹಾವಿನ ಹಾಗೆ ಹೊಯ್ದಾಡತೊಡಗಿದಾಗಲೇ ಅದು ಗೊತ್ತಾಗುವುದು.

ಈ ಕೈಪಿಡಿಯಲ್ಲಿ ನಾನು ಹೇಳುವುದು ಮುಖ್ಯವಾಗಿ ಒಂದೇ ವಿಷಯ. ಹಿಚ್‌ನಲ್ಲಿ ಒಣಗಿರಬೇಕಾದ ಜಾಗ ಬೇರೆ, ಗ್ರೀಸ್ ಬೇಕಾದ ಜಾಗ ಬೇರೆ. ಎರಡರ ನಡುವೆ ಒಂದು ಮೊಳ ದೂರವೂ ಇಲ್ಲ. ಸದ್ದು ಯಾವ ಜಾಗದ್ದು ಅಂತ ಗೊತ್ತಾಗುವ ತನಕ ಏನನ್ನೂ ಹಚ್ಚಬೇಡಿ.

ನಿಮ್ಮದು ಯಾವ ಹಿಚ್?

ಕ್ಯಾರವಾನ್ ಮೂತಿಯಲ್ಲಿ, ಬಾಲ್ ಮೇಲೆ ಕೂರುವ ಕಪ್ಲಿಂಗ್ ನೋಡಿ. ಒಂದೇ ಸಣ್ಣ ಹಿಡಿ ಇದ್ದು, ಒಳಗೆ ಬರೀ ಲೋಹದ ಬಟ್ಟಲು ಇದ್ದರೆ ಅದು ಸಾದಾ ಕಪ್ಲಿಂಗ್. ಅದರಲ್ಲಿ ಲೋಹಕ್ಕೆ ಲೋಹ ತಿಕ್ಕುತ್ತದೆ. ಬಾಲ್ ಮೇಲೆ ತೆಳ್ಳಗೆ ಗ್ರೀಸ್ ಬೇಕೇ ಬೇಕು. ಅಂಥದ್ದು ಕಿರುಗುಟ್ಟಿದರೆ ಗ್ರೀಸ್ ಹಚ್ಚಿ, ಮುಂದಿನ ಕೆಲಸ ನೋಡಿ.

ತಲೆ ದಪ್ಪಗಿದ್ದು, ಉದ್ದ ಹಿಡಿ ಇದ್ದು, ಬಗ್ಗಿ ನೋಡಿದರೆ ಬಟ್ಟಲಿನೊಳಗೆ ಕಪ್ಪು ಅಥವಾ ಬೂದು ಬಣ್ಣದ ಪ್ಯಾಡ್‌ಗಳು ಕಂಡರೆ ಅದು ಸ್ಟೆಬಿಲೈಸರ್ ಇರುವ ಹಿಚ್. ಅಲ್-ಕೋ ಎಕೆಎಸ್ 3004, ವಿಂಟರ್‌ಹಾಫ್ ಡಬ್ಲ್ಯುಎಸ್ 3000 ಇವೆಲ್ಲ ಈ ಜಾತಿಯವು. ಹಿಡಿಯನ್ನು ಒತ್ತಿದಾಗ ಒಳಗಿನ ಸ್ಪ್ರಿಂಗ್ ಈ ಪ್ಯಾಡ್‌ಗಳನ್ನು ಟೋ ಬಾಲ್‌ಗೆ ಬಲವಾಗಿ ಅಮುಕುತ್ತದೆ. ಆ ತಿಕ್ಕಾಟವೇ ಕ್ಯಾರವಾನ್ ಅತ್ತಿತ್ತ ಬಾಲ ಬೀಸದಂತೆ ಹಿಡಿದಿಡುತ್ತದೆ. ಅಲ್ಲಿಗೆ ಗ್ರೀಸ್ ಹಾಕುವುದು ಸೈಕಲ್ ರಿಮ್ಮಿಗೆ ಎಣ್ಣೆ ಸವರಿ ಬ್ರೇಕ್ ಹಿಡಿದ ಹಾಗೆ.

ಅಮೆರಿಕದ ಮಾದರಿಯಲ್ಲಿ ಪಕ್ಕಕ್ಕೊಂದು ಉದ್ದನೆಯ ಸ್ವೇ ಬಾರ್ ಬರುತ್ತದೆ. ಅದರ ಉಜ್ಜುವ ಭಾಗವೂ ಒಣಗಿಯೇ ಇರಬೇಕು. ನಮ್ಮಲ್ಲಿ ಅದು ಅಪರೂಪ, ಇಲ್ಲಿ ಅದನ್ನು ಬಿಡುತ್ತೇನೆ.

ಸದ್ದನ್ನು ಹಿಡಿಯುವುದು

ಡ್ರೈವರ್ ಸೀಟಿನಲ್ಲಿ ಕೂತು ಸದ್ದಿನ ಜಾಗ ಹೇಳುವುದು ಕಷ್ಟ. ಕಾರಿನ ಡಿಕ್ಕಿ ಸದ್ದನ್ನು ದೊಡ್ಡದು ಮಾಡಿ ಕೇಳಿಸುತ್ತದೆ. ಕ್ಯಾರವಾನ್ ಒಳಗೆ ಯಾರನ್ನಾದರೂ ಕೂರಿಸಿ ಕೇಳಿಸಿಕೊಳ್ಳೋಣ ಅನ್ನುವ ಯೋಚನೆ ಬಿಟ್ಟುಬಿಡಿ, ಓಡುವ ಟ್ರೇಲರ್‌ನಲ್ಲಿ ಜನ ಇರಬಾರದು. ಬದಲಿಗೆ ಒಂದು ಹಳೇ ಮೊಬೈಲಿನಲ್ಲಿ ರೆಕಾರ್ಡಿಂಗ್ ಆನ್ ಮಾಡಿ, ಬಟ್ಟೆ ಸುತ್ತಿ, ಹಿಚ್ ಹತ್ತಿರ ಕಂಬಿಗೆ ಟೇಪ್ ಹಾಕಿ ಬಿಗಿಯಾಗಿ ಕಟ್ಟಿ. ಇನ್ನೊಬ್ಬರು ಪಕ್ಕದಲ್ಲಿ ನಡೆದುಕೊಂಡು ಬಂದು ನೋಡಿದರೆ ಇನ್ನೂ ಒಳ್ಳೆಯದು.

ಜಾಗಕ್ಕೆ ಮೈಸೂರಿನಲ್ಲಿ ಬರವಿಲ್ಲ. ರಿಂಗ್ ರಸ್ತೆಯ ಆಚೆ ಸೈಟು ಹಂಚಿ ಮನೆ ಏಳದ ಲೇಔಟುಗಳು ಬೇಕಾದಷ್ಟಿವೆ. ಟಾರು ರಸ್ತೆ, ಒಂದೆರಡು ಹಂಪು, ಚೌಕದ ತಿರುವು ಎಲ್ಲ ಸಿಗುತ್ತದೆ. ಬೆಳಿಗ್ಗೆ ಹೊತ್ತು ದನ ಮೇಯಿಸುವವರು ಬಿಟ್ಟರೆ ಯಾರೂ ಇರುವುದಿಲ್ಲ.

ಅಲ್ಲಿ ನಡಿಗೆಯ ವೇಗದಲ್ಲಿ ಮಾಡಬೇಕಾದ್ದು ಇಷ್ಟು. ಮೊದಲು ಎಡಕ್ಕೊಂದು ದೊಡ್ಡ ಸುತ್ತು, ಆಮೇಲೆ ಬಲಕ್ಕೊಂದು. ನಂತರ ನೇರವಾಗಿ ಹೋಗಿ ಮೆಲ್ಲಗೆ ಬ್ರೇಕ್, ಮತ್ತೆ ಮೆಲ್ಲಗೆ ಹೊರಡುವುದು. ಕೊನೆಗೆ ಹಂಪು ದಾಟಿಸುವುದು.

ತಿರುಗುವಾಗ ಮಾತ್ರ ಕಿರ್ರ್ ಅಥವಾ ಕೊರ್ ಅಂದರೆ ಬಾಲ್ ಮತ್ತು ಪ್ಯಾಡಿನ ಕಡೆ ನೋಡಿ. ಹೊರಡುವಾಗ, ನಿಲ್ಲುವಾಗ ಗಡಕ್ ಅಂದರೆ ಕಪ್ಲಿಂಗ್ ಹಿಂದಿರುವ ಓವರ್‌ರನ್ ಶಾಫ್ಟು, ಡ್ಯಾಂಪರ್ (ಇವೇನು ಅಂತ ಮುಂದೆ ಹೇಳುತ್ತೇನೆ), ಇಲ್ಲವೇ ಬಾಲನ್ನು ಹೊತ್ತಿರುವ ಕಾರಿನ ಟೋ ಬಾರ್. ಹಂಪಿನಲ್ಲಿ ಟಣ್ ಅಂದರೆ ಸಡಿಲ ಬೋಲ್ಟು, ಸೈಜು ತಪ್ಪಿದ ಬಾಲು ಅಥವಾ ಮೂತಿಯ ಮೇಲೆ ತೂಕ ಕಮ್ಮಿ. ಪೂರ್ತಿ ತಿರುಗಿಸಿದಾಗ ಮಾತ್ರ ಒಂದೇ ಸಲ ಟಕ್ ಅಂತ ತಾಗಿದರೆ ಬಾಲಿನ ಕತ್ತು ಗಿಡ್ಡ.

ಇನ್ನೊಂದು ಪರೀಕ್ಷೆ ಇದೆ, ನನಗೆ ಎಲ್ಲಕ್ಕಿಂತ ಇದೇ ಇಷ್ಟ. ಕಿರ್ರ್ ಸದ್ದು ಬರುತ್ತಿರುವ ಅದೇ ಸುತ್ತಿನಲ್ಲಿ ಗಾಡಿ ನಿಲ್ಲಿಸಿ. ಸ್ಟೆಬಿಲೈಸರ್ ಹಿಡಿಯನ್ನು ಮಾತ್ರ ಮೇಲೆತ್ತಿ, ಕಪ್ಲಿಂಗ್ ಹಿಡಿ ಮುಟ್ಟಬೇಡಿ. ಎರಡಕ್ಕೂ ಒಂದೇ ಹಿಡಿ ಇರುವ ಮಾದರಿಯಾದರೆ ಎಲ್ಲಿಯವರೆಗೆ ಎತ್ತಬೇಕು ಅಂತ ಅದರ ಪುಸ್ತಕ ನೋಡಿಕೊಳ್ಳಿ. ಅದೇ ನಡಿಗೆಯ ವೇಗದಲ್ಲಿ ಅದೇ ಸುತ್ತು ಮತ್ತೆ ಹಾಕಿ. ಸದ್ದು ಮಾಯವಾಯಿತಾ? ಹಾಗಾದರೆ ಅದು ಬಾಲ್ ಮತ್ತು ಪ್ಯಾಡಿನದ್ದೇ, ಬೇರೆ ಕಡೆ ಹುಡುಕುವ ಅಗತ್ಯವಿಲ್ಲ. ಹಾಗೆಯೇ ಉಳಿಯಿತಾ? ಪ್ಯಾಡುಗಳನ್ನು ಸುಮ್ನೆ ಬಿಚ್ಚಲು ಹೋಗಬೇಡಿ. ಪರೀಕ್ಷೆ ಮುಗಿದ ಮೇಲೆ ಹಿಡಿ ಒತ್ತುವುದನ್ನು ಮಾತ್ರ ಮರೆಯಬೇಡಿ.

ಸ್ಟೆಬಿಲೈಸರ್ ಬಿಗಿದಿರುವಾಗ ನಿಧಾನದ ಸಣ್ಣ ತಿರುವಿನಲ್ಲಿ ಸ್ವಲ್ಪ ಕೊರ್ ಅನ್ನುವುದು ಸಹಜ. ತಿಕ್ಕಾಟದ ಮೇಲೆ ನಡೆಯುವ ಸಾಮಾನು ಅದು. ಹೊಸ ಪ್ಯಾಡ್ ಹಾಕಿದಾಗ ಬಾಲಿಗೆ ಕೂತುಕೊಳ್ಳುವ ತನಕ ಇನ್ನಷ್ಟು ಕೇಳುತ್ತದೆ. ಪಕ್ಕದ ಸೈಕಲ್ಲಿನವರು ತಿರುಗಿ ನೋಡುವಷ್ಟು ಕಿರುಚಿದರೆ ಅಥವಾ ಸ್ಟೀರಿಂಗ್‌ಗೆ ನಡುಕ ಬಂದರೆ ಆಗ ಕೆಲಸ ಇದೆ ಅಂತ ಅರ್ಥ.

ಕಿರ್ರ್: ಬಾಲ್ ಮತ್ತು ಪ್ಯಾಡ್

ಕ್ಯಾರವಾನನ್ನು ಕಾರಿನಿಂದ ಬಿಚ್ಚಿ ಬಾಲ್ ಹತ್ತಿರ ಕೂತುಕೊಳ್ಳಿ. ಬಿಳೀ ಬಟ್ಟೆ ತೆಗೆದುಕೊಂಡು ಗಟ್ಟಿಯಾಗಿ ಒರೆಸಿ. ಬಟ್ಟೆಗೆ ಏನು ಬಂತು ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಕಪ್ಪಗೆ, ಜಿಡ್ಡಾಗಿ ಬಂದರೆ ಗ್ರೀಸ್ ಸೇರಿದೆ. ಯಾರೂ ಹಚ್ಚಿಲ್ಲ ಅಂತ ಓನರ್ ಹೇಳುತ್ತಾರೆ, ಅದು ನಿಜವೂ ಇರಬಹುದು. ಗ್ರೀಸ್ ಬರುವ ಕಳ್ಳದಾರಿಗಳು ಬೇರೆ ಇವೆ. ಅದೇ ಕಾರಿಗೆ ಯಾವಾಗಲೋ ಬೈಕ್ ಸಾಗಿಸುವ ಸಾದಾ ಟ್ರೇಲರ್ ಕಟ್ಟಿರುತ್ತಾರೆ, ಅದರ ಬಟ್ಟಲಿನ ಗ್ರೀಸ್ ಬಾಲಿಗೆ ಅಂಟಿರುತ್ತದೆ. ಇನ್ನೊಂದು, ಬಾಲಿಗೆ ಹಾಕುವ ಪ್ಲಾಸ್ಟಿಕ್ ಟೋಪಿ. ಹಳೇ ಟೋಪಿಯೊಳಗೆ ವರ್ಷಗಟ್ಟಲೆ ಹಿಂದಿನ ಗ್ರೀಸ್ ಮೆತ್ತಿಕೊಂಡಿರುತ್ತದೆ. ನೀವು ಬಾಲನ್ನು ಫಳಫಳ ಉಜ್ಜಿ, ಅದೇ ಟೋಪಿ ಹಾಕಿ ಮನೆಗೆ ಹೋಗುತ್ತೀರಿ. ಮಾರನೇ ದಿನ ಮತ್ತೆ ಅದೇ ಕಥೆ.

ಬಟ್ಟೆಗೆ ಕೆಂಪು ಪುಡಿ ಬಂದರೆ ತುಕ್ಕು. ಜೂನ್‌ನಿಂದ ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತ ಗಾಡಿಗಳಲ್ಲಿ ಇದು ಸಾಮಾನ್ಯ. ಬಣ್ಣ ಇಲ್ಲದ ಬರೀ ಉಕ್ಕು, ಗ್ರೀಸ್ ಹಚ್ಚುವಂತಿಲ್ಲ, ಹಾಗಾಗಿ ತೇವಕ್ಕೆ ತುಕ್ಕು ಹಿಡಿದೇ ಹಿಡಿಯುತ್ತದೆ. ತೆಳ್ಳನೆಯ ತುಕ್ಕು ಅಪಾಯವಲ್ಲ. ಆದರೆ ಜೋರಾಗಿ ಕಿರುಚುತ್ತದೆ, ಪ್ಯಾಡನ್ನೂ ಬೇಗ ಸವೆಸುತ್ತದೆ. ದಸರಾ ರಜೆಗೆ ಅಂತ ಗಾಡಿ ಹೊರಗೆ ತೆಗೆದವರಿಗೆ ಮೊದಲ ತಿರುವಿನಲ್ಲೇ ಇದು ಸ್ವಾಗತ ಹೇಳುತ್ತದೆ.

ಕರೀ ಅಥವಾ ಬೆಳ್ಳಿ ಬಣ್ಣದ ಚೂರು ಬಂದರೆ ಅದು ಬಾಲಿನ ಪೇಂಟ್ ಅಥವಾ ಲೇಪನ. ಹೊಸ ಬಾಲುಗಳು ಬಣ್ಣ ಬಳಿದೇ ಬರುತ್ತವೆ. ಸ್ಟೆಬಿಲೈಸರ್ ಜೊತೆ ಬಳಸುವ ಮೊದಲು ಆ ಬಣ್ಣವನ್ನು ಪೂರ್ತಿ ತೆಗೆದು ಉಕ್ಕು ಕಾಣುವಂತೆ ಮಾಡಬೇಕು. ಹೊಸ ಟೋ ಬಾರ್ ಹಾಕಿಸಿದ ಮೇಲೆ ಸದ್ದು ಶುರುವಾಯಿತು ಅಂದರೆ ನಾನು ಮೊದಲು ಅನುಮಾನಪಡುವುದು ಇದನ್ನೇ. ಬಣ್ಣ ಕಿತ್ತು ಪ್ಯಾಡಿನ ಮುಖಕ್ಕೆ ಮೆತ್ತಿಕೊಳ್ಳುತ್ತದೆ. ಆಮೇಲೆ ಬಾಲ್ ಎಷ್ಟು ಉಜ್ಜಿದರೂ ಪ್ಯಾಡ್ ಕಿರುಗುಟ್ಟುತ್ತಲೇ ಇರುತ್ತದೆ.

ಸಣ್ಣಗೆ, ಗರಗರ ಅನ್ನುವ ಮಣ್ಣು ಬಂದರೆ ಅದು ಬರೀ ರಸ್ತೆಯ ಧೂಳು. ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ಒಂದಷ್ಟು ದೂರ ಓಡಿಸಿ ಬಂದರೆ ಸಾಕು, ಹಿಚ್ಚಿನ ತಲೆಯೊಳಗೆ ಮಣ್ಣು ತುಂಬಿರುತ್ತದೆ. ಬ್ರಷ್ ಹಾಕಿ ಒರೆಸಿದರೆ ಮುಗಿಯಿತು.

ಈಗ ಬಾಲ್ ಸ್ವಚ್ಛ ಮಾಡುವ ಕೆಲಸ. ಪೇಂಟ್ ಅಂಗಡಿಯಲ್ಲಿ ಸಿಗುವ ಥಿನ್ನರ್ ಅಥವಾ ಐಸೋಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕಿ ಒರೆಸಿ. ಸೀಮೆಎಣ್ಣೆ, ಡೀಸೆಲ್ ಬೇಡ, ಅವು ತಮ್ಮದೇ ಜಿಡ್ಡು ಬಿಟ್ಟು ಹೋಗುತ್ತವೆ. ತುಕ್ಕು ಬಿಡಿಸುವ ಸ್ಪ್ರೇಗಳಂತೂ ಈ ಜಾಗದ ಹತ್ತಿರವೇ ಬೇಡ, ಅವುಗಳಲ್ಲಿರುವುದು ಎಣ್ಣೆ. ಜಿಡ್ಡು ಹೋದ ಮೇಲೆ 200ರಿಂದ 240 ನಂಬರಿನ ಎಮರಿ ಪೇಪರ್ ತೆಗೆದುಕೊಂಡು ಬಾಲನ್ನು ಸುತ್ತಲೂ ಉಜ್ಜಿ. ಒಂದೇ ಕಡೆ ಒತ್ತಿ ಉಜ್ಜಿ ಚಪ್ಪಟೆ ಮಾಡಬೇಡಿ. ಗ್ರೈಂಡರ್ ತರಬೇಡಿ. ಕೊನೆಗೆ ಇನ್ನೊಮ್ಮೆ ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಹೊಸ ಬಿಳೀ ಬಟ್ಟೆಗೆ ಏನೂ ಬರದಿದ್ದರೆ ಆಯಿತು.

ಉಜ್ಜುವ ಹೊತ್ತಿನಲ್ಲೇ ವರ್ನಿಯರ್ ಇದ್ದರೆ ಬಾಲನ್ನು ಅಳೆದುಬಿಡಿ. ಇದರ ಸೈಜು 50 ಮಿಲಿಮೀಟರ್. ಎರಡು ಮೂರು ಕಡೆ, ಮುಖ್ಯವಾಗಿ ಮುಂದೆ ಹಿಂದೆ ಅಳೆಯಿರಿ. ಎಳೆಯುವುದು, ನೂಕುವುದು ಎರಡೂ ಆ ದಿಕ್ಕಿನಲ್ಲೇ ಆಗುವುದರಿಂದ ಸವೆತವೂ ಅಲ್ಲೇ ಮೊದಲು. ಅಲ್-ಕೋ ಸ್ಟೆಬಿಲೈಸರ್‌ಗೆ 49.61 ಮಿಲಿಮೀಟರ್‌ಗಿಂತ ಕೆಳಗೆ ಹೋದ ಬಾಲನ್ನು ಬದಲಿಸಬೇಕು. ನೂಲಿನೆಳೆಯಷ್ಟು ಸವೆತ ಅದು, ಕಣ್ಣಿಗೆ ಗೊತ್ತಾಗುವುದಿಲ್ಲ.

ಪ್ಯಾಡಿನ ವಿಷಯ ಸ್ವಲ್ಪ ನಾಜೂಕು. ಕಪ್ಲಿಂಗ್ ತಲೆಯೊಳಗೆ ಟಾರ್ಚ್ ಬಿಟ್ಟು ನೋಡಿ. ಒಳ್ಳೆಯ ಪ್ಯಾಡಿನ ಮುಖ ಮಂಕಾಗಿರುತ್ತದೆ, ಉಗುರಿಗೆ ಒರಟು ಹತ್ತುತ್ತದೆ. ಗಾಜಿನ ಹಾಗೆ ಮಿಂಚುತ್ತಿದ್ದರೆ ಅದು ಕಾದು, ಧೂಳು ಜಿಡ್ಡು ಸೇರಿ ಮುಖ ಕಟ್ಟಿಕೊಂಡಿದೆ. ಎಮರಿ ಪೇಪರನ್ನು ಬೆರಳಿಗೆ ಸುತ್ತಿ ಹಗುರವಾಗಿ ಉಜ್ಜಿದರೆ ಆ ಮಿಂಚು ಹೋಗುತ್ತದೆ. ಥಿನ್ನರ್ ಅನ್ನು ನೇರವಾಗಿ ಪ್ಯಾಡಿಗೆ ಸುರಿಯಬೇಡಿ.

ಗ್ರೀಸ್ ಕುಡಿದ ಪ್ಯಾಡ್ ಬೇರೆ. ಶ್ರೀರಂಗಪಟ್ಟಣದ ಕಡೆಯ ಒಂದು ಸಣ್ಣ ಕ್ಯಾರವಾನ್ ನೋಡಿದ್ದೆ. ದಾರಿಯಲ್ಲಿ ಯಾರೋ ಉಪಕಾರ ಮಾಡುತ್ತೇವೆಂದು ತಲೆ ತುಂಬ ಗ್ರೀಸ್ ತುಂಬಿದ್ದರು. ಓನರ್ ಮೇಲಿನದ್ದನ್ನೆಲ್ಲ ಒರೆಸಿ, ಉಜ್ಜಿ, ಒಣಗಿಸಿ ತಂದಿದ್ದರು. ನೋಡಲು ಸ್ವಚ್ಛ. ಪ್ಯಾಡಿಗೆ ಟಿಶ್ಯೂ ಕಾಗದ ಒತ್ತಿ ಹಿಡಿದರೆ ಅದರ ಮೇಲೆ ಎಣ್ಣೆಯ ಉಂಗುರ ಮೂಡಿತು. ಮತ್ತೆ ಉಜ್ಜಿ, ಮತ್ತೆ ಒತ್ತಿದರೆ ಮತ್ತೆ ಉಂಗುರ. ಅಷ್ಟು ಒಳಗೆ ಇಳಿದಿರುತ್ತದೆ. ಅಂಥ ಪ್ಯಾಡನ್ನು ಎಸೆದು ಹೊಸದು ಹಾಕುವುದೊಂದೇ ದಾರಿ. ಬಿಸಿಲಿಗಿಟ್ಟು, ಬೆಂಕಿಗೆ ಹಿಡಿದು ಸರಿಮಾಡುವ ಸಾಹಸ ಬೇಡ.

ಸವೆತ ನೋಡಲು ಹಿಡಿಯ ಪಕ್ಕದಲ್ಲೇ ಗುರುತು ಇರುತ್ತದೆ. ಬಾಲಿಗೆ ಕಟ್ಟಿ ಸ್ಟೆಬಿಲೈಸರ್ ಒತ್ತಿದಾಗ ಹಿಡಿ ಆ ಗುರುತನ್ನು ದಾಟಿ ಕೆಳಗೆ ಹೋದರೆ ಪ್ಯಾಡ್ ಮುಗಿದಿದೆ. ಹಿಡಿ ಬಹಳ ಸುಲಭವಾಗಿ, ಒಂದೇ ಕೈಯಲ್ಲಿ ಕೂತುಬಿಟ್ಟರೂ ಅನುಮಾನಪಡಿ. ಬಿಗಿ ಇರಬೇಕು ಅದು.

ಗಡಕ್: ಶಾಫ್ಟು ಮತ್ತು ಡ್ಯಾಂಪರ್

ಕಪ್ಲಿಂಗ್ ತಲೆಯ ಹಿಂದೆ ಮಡಿಕೆ ಮಡಿಕೆಯಾಗಿ ರಬ್ಬರ್ ತೋಳು ಕಾಣುತ್ತದೆ ಅಲ್ವಾ, ಅದರೊಳಗೆ ಒಂದು ದಪ್ಪ ಶಾಫ್ಟು ಇದೆ. ಕಾರು ಬ್ರೇಕ್ ಹಾಕಿದಾಗ ಕ್ಯಾರವಾನ್ ಮುಂದಕ್ಕೆ ನೂಕುತ್ತದೆ, ಶಾಫ್ಟು ಒಳಗೆ ಜಾರಿ ಕ್ಯಾರವಾನಿನ ಬ್ರೇಕನ್ನು ಎಳೆಯುತ್ತದೆ. ಇದೇ ಓವರ್‌ರನ್ ಬ್ರೇಕ್. ಆ ಜಾರುವಿಕೆ ಧಡಕ್ಕನೆ ಆಗದಂತೆ ಒಳಗೊಂದು ಡ್ಯಾಂಪರ್ ಇರುತ್ತದೆ. ಡ್ಯಾಂಪರ್ ಸತ್ತರೆ ಪ್ರತಿ ಬ್ರೇಕಿಗೂ ಒಂದು ಗಡಕ್, ಪ್ರತಿ ಸಲ ಹೊರಟಾಗ ಇನ್ನೊಂದು. ಟ್ರಾಫಿಕ್ ಸಿಗ್ನಲ್‌ಗಳ ನಡುವೆ ಯಾರೋ ಹಿಂದಿನಿಂದ ಗುದ್ದಿದ ಹಾಗಿರುತ್ತದೆ.

ಪರೀಕ್ಷೆ ಸುಲಭ. ಸಮತಟ್ಟು ಜಾಗದಲ್ಲಿ ಕ್ಯಾರವಾನ್ ಬಿಚ್ಚಿ. ಚಕ್ರಗಳಿಗೆ ಎರಡೂ ಕಡೆ ಕಲ್ಲು ಅಥವಾ ಮರದ ಅಡೆ ಕೊಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಈಗ ಕಪ್ಲಿಂಗ್ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮೈಭಾರ ಹಾಕಿ ಹಿಂದಕ್ಕೆ ನೂಕಿ. ಗಟ್ಟಿಯಾಗಿ ಎದುರು ಒತ್ತುತ್ತಾ ಒಳಗೆ ಹೋಗಬೇಕು. ಬಿಟ್ಟಾಗ ತಾನಾಗಿಯೇ ನಿಧಾನಕ್ಕೆ ಹೊರಗೆ ಬರಬೇಕು. ಸಲೀಸಾಗಿ ಒಳಹೋಗಿ ಕೊನೆಗೆ ಟಕ್ ಅಂದರೆ ಅಥವಾ ಒಳಗೇ ಉಳಿದುಬಿಟ್ಟರೆ ಡ್ಯಾಂಪರ್ ಬದಲಿಸುವ ಕಾಲ ಬಂದಿದೆ. ಎಣ್ಣೆ ಸೋರಿದ ಗುರುತು ಇದ್ದರಂತೂ ಅನುಮಾನವೇ ಬೇಡ.

ಅದೇ ತಲೆಯನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಚೂರು ಆಟ ಇದ್ದರೆ ಸರಿ. ಕಣ್ಣಿಗೆ ಕಾಣುವಷ್ಟು ಲೊಡಲೊಡ ಅಂದರೆ ಒಳಗಿನ ಬುಷ್, ಅಂದರೆ ಶಾಫ್ಟು ಜಾರುವ ಬಳೆ, ಸವೆದಿದೆ. ಬುಷ್ ಸವೆಯಲು ಮುಖ್ಯ ಕಾರಣ ಅಲ್ಲಿಗೆ ಗ್ರೀಸ್ ಹೋಗದಿರುವುದು. ಇಲ್ಲಿದೆ ನೋಡಿ ಗ್ರೀಸ್ ಬೇಕಾದ ಜಾಗ! ಶಾಫ್ಟಿನ ಕೊಳವೆಯ ಮೇಲೆ ಅಥವಾ ಕೆಳಗೆ ಗ್ರೀಸ್ ನಿಪ್ಪಲ್‌ಗಳಿರುತ್ತವೆ, ಎರಡು ಇದ್ದರೆ ಎರಡಕ್ಕೂ ಹಾಕಿ. ಧೂಳು ಹಿಡಿದು ಕೆಲವೊಮ್ಮೆ ನಿಪ್ಪಲ್ ಕಾಣುವುದೇ ಇಲ್ಲ, ಬೆರಳಲ್ಲಿ ತಡಕಬೇಕು. ಬಾಯಿ ಒರೆಸಿ, ಸಾಮಾನ್ಯ ಲಿಥಿಯಂ ಗ್ರೀಸನ್ನು ಗನ್ನಿನಲ್ಲಿ ಒತ್ತಿ. ನಡುನಡುವೆ ತಲೆಯನ್ನು ಒಳಗೆ ಹೊರಗೆ ಆಡಿಸಿ. ರಬ್ಬರ್ ತೋಳಿನ ಮುಂದಿನ ಅಂಚನ್ನು ಹಿಂದೆ ಸರಿಸಿ ನೋಡುತ್ತಿದ್ದರೆ ಹಳೇ ಕರೀ ಗ್ರೀಸ್ ಹೋಗಿ ಹೊಸದು ಬರುವುದು ಕಾಣುತ್ತದೆ. ಅಲ್ಲಿಗೆ ನಿಲ್ಲಿಸಿ. ಹೊರಗೆ ಉಕ್ಕಿದ್ದನ್ನು ಚೆನ್ನಾಗಿ ಒರೆಸಿ, ಇಲ್ಲದಿದ್ದರೆ ಅದು ಬಿಸಿಲಿಗೆ ಕರಗಿ ಮುಂದಕ್ಕೆ ಹರಿದು ಪ್ಯಾಡಿಗೆ ಸೇರುತ್ತದೆ. ಕೈ ತೊಳೆಯದೆ ಬಾಲ್ ಮುಟ್ಟಲೂ ಬೇಡಿ. ನಾನಂತೂ ಈ ಕೆಲಸ ಮಾಡುವಾಗ ಕಪ್ಲಿಂಗ್ ತಲೆಗೆ ಒಂದು ಪ್ಲಾಸ್ಟಿಕ್ ಕವರ್ ಕಟ್ಟಿಬಿಡುತ್ತೇನೆ.

ರಬ್ಬರ್ ತೋಳು ಹರಿದಿದ್ದರೆ ಮೊದಲು ಅದನ್ನು ಬದಲಿಸಿ. ಹರಿದ ತೋಳಿನ ಜೊತೆ ಹೊಸ ಗ್ರೀಸ್ ಹಾಕಿದರೆ ಮಣ್ಣು ಗ್ರೀಸ್ ಕಲಸಿಕೊಂಡು ಬುಷ್ಷನ್ನು ತಿಕ್ಕಿ ತಿಂದುಹಾಕುತ್ತದೆ.

ಡ್ಯಾಂಪರ್, ಬುಷ್ ಎರಡೂ ಸರಿ ಇದ್ದು ಗಡಕ್ ನಿಲ್ಲದಿದ್ದರೆ ಕ್ಯಾರವಾನಿನ ಬ್ರೇಕ್ ಹೊಂದಾಣಿಕೆ ನೋಡಿಸಿ. ಬ್ರೇಕ್ ಶೂ ದೂರ ಇದ್ದರೆ ಅದು ಹಿಡಿಯುವುದರೊಳಗೆ ಶಾಫ್ಟು ಕೊನೆಯವರೆಗೂ ಹೋಗಿ ಬಡಿಯುತ್ತದೆ. ಇದು ಚಕ್ರ ಎತ್ತಿ, ಡ್ರಮ್ಮಿನ ಹತ್ತಿರ ಮಾಡುವ ಕೆಲಸ, ಗೊತ್ತಿರುವವರ ಕೈಗೆ ಕೊಡಿ. ಹೊರಗಿನ ಬ್ರೇಕ್ ಕಂಬಿಯನ್ನು ಮಾತ್ರ ಬಿಗಿ ಮಾಡಿ ಸದ್ದು ನಿಲ್ಲಿಸುವವರಿದ್ದಾರೆ. ಆಗ ಬ್ರೇಕ್ ಹಿಡಿದುಕೊಂಡೇ ಓಡಿ ಡ್ರಮ್ ಕಾಯುತ್ತದೆ.

ರಿವರ್ಸ್ ಹೋಗಿ ಮತ್ತೆ ಮುಂದೆ ಹೊರಟಾಗ ಚಕ್ರದ ಕಡೆಯಿಂದ ಒಂದೇ ಒಂದು ಠಕ್ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ರಿವರ್ಸಿನಲ್ಲಿ ತಾನೇ ಬಿಟ್ಟುಕೊಡುವ ಬ್ರೇಕ್ ಶೂಗಳು ತಮ್ಮ ಜಾಗಕ್ಕೆ ವಾಪಸ್ ಕೂರುವ ಸದ್ದು ಅದು.

ಕಾರಿನ ಕಡೆಯ ಸದ್ದು

ಕ್ಯಾರವಾನ್ ಬಿಚ್ಚಿಟ್ಟು ಬಾಲನ್ನು ಹಿಡಿದು ಜೋರಾಗಿ ಅಲ್ಲಾಡಿಸಿ. ಅಲ್ಲಾಡಿದರೆ ಸದ್ದು ಕಾರಿನ ಕಡೆಯದ್ದು. ಬಾಲ್ ಕೂತಿರುವ ಎರಡು ಬೋಲ್ಟುಗಳು ಸಾಮಾನ್ಯವಾಗಿ ಎಂ16 ಸೈಜಿನವು. ಅವುಗಳ ಬಿಗಿ ಸುಮಾರು 200 ನ್ಯೂಟನ್ ಮೀಟರ್ ಹತ್ತಿರ ಬರುತ್ತದೆ, ಅಂದರೆ ಕಾರಿನ ಚಕ್ರದ ನಟ್ಟಿಗಿಂತ ಎಷ್ಟೋ ಜಾಸ್ತಿ. ಸರಿಯಾದ ಅಂಕಿ ನಿಮ್ಮ ಟೋ ಬಾರ್ ಪುಸ್ತಕದಲ್ಲಿರುತ್ತದೆ. ಸ್ಪ್ಯಾನರಿಗೆ ಪೈಪ್ ಹಾಕಿ ಅಂದಾಜಿನಲ್ಲಿ ಬಿಗಿಯುವುದಕ್ಕಿಂತ ಟಾರ್ಕ್ ರೆಂಚ್ ಇರುವ ಕಡೆ ಹೋಗಿ.

ಚೌಕ ಕೊಳವೆಯೊಳಗೆ ತೂರಿಸಿ ಪಿನ್ ಹಾಕುವ ಮಾದರಿಯ ಹಿಚ್ ಆದರೆ ಎರಡು ಚೌಕಗಳ ನಡುವಿನ ಸಂದಿಯಲ್ಲೇ ಟಣಟಣ ಇರುತ್ತದೆ. ಪಿನ್ನಿನ ತೂತೂ ಪಿನ್ನಿಗಿಂತ ದೊಡ್ಡದು. ಇದಕ್ಕೆ ಆ್ಯಂಟಿ ರ್‍ಯಾಟಲ್ ಕ್ಲ್ಯಾಂಪ್ ಅಂತಲೇ ಸಿಗುತ್ತದೆ, ಯು ಆಕಾರದ ಬೋಲ್ಟು ಎರಡನ್ನೂ ಸೇರಿಸಿ ಅಮುಕಿ ಹಿಡಿಯುತ್ತದೆ. ಸಂದಿಗೆ ತಗಡು ತುರುಕುವುದು, ಒಂದು ಟಾಕ್ ವೆಲ್ಡಿಂಗ್ ಹೊಡೆಸುವುದು ಬೇಡ. ವೆಲ್ಡಿಂಗ್ ಬಿಸಿಗೆ ಉಕ್ಕಿನ ಗುಣವೇ ಬದಲಾಗುತ್ತದೆ.

ಇನ್ನು ಬಾಲಿನ ಸೈಜು. ಆನ್‌ಲೈನಿನಲ್ಲಿ 50 ಮಿಲಿಮೀಟರ್ ಬಾಲನ್ನೂ ಎರಡು ಇಂಚಿನ ಬಾಲನ್ನೂ ಒಂದೇ ಅನ್ನುವ ಹಾಗೆ ಮಾರುತ್ತಾರೆ. ಎರಡು ಇಂಚು ಅಂದರೆ 50.8 ಮಿಲಿಮೀಟರ್. ಯುರೋಪಿನ ಕಪ್ಲಿಂಗ್ 50ಕ್ಕೆ ಮಾಡಿದ್ದು, ಅದಕ್ಕೆ ಎರಡು ಇಂಚಿನದ್ದು ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ ಅಥವಾ ಪೂರ್ತಿ ಕೂರುವುದೇ ಇಲ್ಲ. ಎರಡು ಇಂಚಿನ ಬಟ್ಟಲಿಗೆ 50ರ ಬಾಲ್ ಹಾಕಿದರೆ ಪ್ರತಿ ಹಂಪಿಗೂ ಟಣ್. ಬಾಲಿನ ತಲೆಯ ಮೇಲೆ ಸೈಜು ಕೆತ್ತಿರುತ್ತದೆ, ಬಟ್ಟಲಿನ ಮೇಲೂ ಇರುತ್ತದೆ. ಎರಡನ್ನೂ ಓದಿ ತಾಳೆ ನೋಡಿ. ಹಾಳಾದ ರಸ್ತೆಯಲ್ಲಿ ಬಾಲಿನಿಂದ ಕಪ್ಲಿಂಗ್ ಎಗರಿ ಬರುವುದು ಸದ್ದಿನ ಮಾತಲ್ಲ, ಪ್ರಾಣದ ಮಾತು.

ಬಾಲಿನ ಕತ್ತೂ ಉದ್ದ ಇರಬೇಕು. ಸ್ಟೆಬಿಲೈಸರ್ ತಲೆ ದಪ್ಪ. ಅಲ್-ಕೋ ಮಾದರಿಗೆ ಬಾಲಿನ ನಡುವಿನಿಂದ ಹಿಂದಿನ ತಟ್ಟೆಯವರೆಗೆ ಕಮ್ಮಿ ಅಂದರೂ 60 ಮಿಲಿಮೀಟರ್ ಜಾಗ ಬೇಕು. ಗಿಡ್ಡ ಕತ್ತಿನ ಬಾಲಾದರೆ ಸಣ್ಣ ತಿರುವಿನಲ್ಲಿ ತಲೆ ಹೋಗಿ ಬೋಲ್ಟಿಗೆ ಅಥವಾ ಬಂಪರಿಗೆ ತಾಗುತ್ತದೆ. ಉಜ್ಜಿದ ಗುರುತು ಕಂಡೇ ಕಾಣುತ್ತದೆ, ಬಣ್ಣ ಕಿತ್ತು ಉಕ್ಕು ಮಿಂಚುತ್ತಿರುತ್ತದೆ. ಇದಕ್ಕೆ ಮದ್ದು ಉದ್ದ ಕತ್ತಿನ ಬಾಲ್ ಒಂದೇ. ತಲೆಯನ್ನಾಗಲಿ ಬಂಪರನ್ನಾಗಲಿ ಕತ್ತರಿಸಿ ಜಾಗ ಮಾಡಬೇಡಿ.

ಮೂತಿಯ ತೂಕ

ಎಲ್ಲ ಬಿಗಿ ಇದ್ದೂ ಹಂಪಿನಲ್ಲಿ ಟಣ್ ಅನ್ನುತ್ತಿದ್ದರೆ ಕ್ಯಾರವಾನ್ ಮೂತಿ ಹಗುರವಾಗಿದೆ ಅಂತ ಅರ್ಥ. ಹಂಪು ಹತ್ತುವಾಗ ಮೂತಿ ಮೇಲೆದ್ದು ಬಟ್ಟಲು ಬಾಲಿಗೆ ಕೆಳಗಿನಿಂದ ಬಡಿಯುತ್ತದೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ಇದು ತಿಳಿಯುವುದಿಲ್ಲ. ಮದ್ದೂರು, ಮಂಡ್ಯ ಊರೊಳಗೆ ಹೋಗಲು ಸರ್ವಿಸ್ ರಸ್ತೆಗೆ ಇಳಿದ ಮೇಲೆ ಶುರುವಾಗುತ್ತದೆ. 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರ್‌ಗಳಿಗೆ ಎಕ್ಸ್‌ಪ್ರೆಸ್‌ವೇ ಬಂದ್ ಆದ ಮೇಲೆ ಕಬ್ಬಿನ ಲೋಡುಗಳೆಲ್ಲ ಸರ್ವಿಸ್ ರಸ್ತೆಯಲ್ಲೇ. ಅವುಗಳ ಹಿಂದೆ ನಿಂತು ನಿಂತು ಹೋಗುವಾಗ ಪ್ರತಿಯೊಂದು ಸದ್ದೂ ಕೇಳುತ್ತದೆ.

ಯುರೋಪಿನ ಮಾದರಿಯ ಕ್ಯಾರವಾನ್‌ಗೆ ಸಾಮಾನು ತುಂಬಿದ ಒಟ್ಟು ತೂಕದ ಶೇಕಡ 5ರಿಂದ 7ರಷ್ಟು ಮೂತಿಯ ಮೇಲಿರಬೇಕು ಅನ್ನುವುದು ಲೆಕ್ಕ. 1000 ಕಿಲೋ ಗಾಡಿಗೆ 50ರಿಂದ 70 ಕಿಲೋ. ಕಾರಿನ ಟೋ ಬಾರ್‌ಗೆ ಕೊಟ್ಟಿರುವ ಮಿತಿ ಅದಕ್ಕಿಂತ ಕಮ್ಮಿ ಇದ್ದರೆ ಆ ಮಿತಿಯೇ ಕೊನೆ. ಅಳೆಯಲು ಮನೆಯಲ್ಲಿ ನಿಂತು ತೂಕ ನೋಡುವ ಮೆಷಿನ್ ಸಾಕು. ಚಕ್ರಕ್ಕೆ ಅಡೆ ಕೊಟ್ಟು, ಮೆಷಿನ್ ಮೇಲೆ ಒಂದು ಗಟ್ಟಿ ಮರದ ತುಂಡು ನಿಲ್ಲಿಸಿ, ಕ್ಯಾರವಾನ್ ಸಮವಾಗಿರುವಂತೆ ಕಪ್ಲಿಂಗ್ ತಲೆಯನ್ನು ಅದರ ಮೇಲೆ ಇಳಿಸಿ. ಮೂತಿಯನ್ನು ಹೊತ್ತು ನಿಲ್ಲಿಸುವ ಸಣ್ಣ ಚಕ್ರ, ಅಂದರೆ ಜಾಕಿ ವೀಲ್, ನೆಲ ಬಿಡಬೇಕು.

ತೂಕ ಕಮ್ಮಿ ಬಂದರೆ ಸಾಮಾನು ಸರಿಸಿ. ನಮ್ಮ ಜನ ಎಲ್ಲಿಗೆ ಹೋದರೂ ಅಡುಗೆ ಸಾಮಾನು ಪೂರ್ತಿ ಹೊತ್ತುಕೊಂಡು ಹೋಗುತ್ತಾರೆ. ಅಕ್ಕಿ ಚೀಲ, ಗ್ರೈಂಡರ್, 20 ಲೀಟರ್ ನೀರಿನ ಕ್ಯಾನು, ಎಲ್ಲ ಹಿಂದಿನ ಬಾಗಿಲ ಹತ್ತಿರ. ಭಾರವಾದದ್ದು ಆಕ್ಸಲ್ ಮೇಲೆ, ನೆಲಕ್ಕೆ ಹತ್ತಿರ ಇರಲಿ. ಹಿಂದೆ ತುಂಬಿದ ಗಾಡಿ ಬಾಲ ಬೀಸುವುದೂ ಜಾಸ್ತಿ, ಅದನ್ನು ಸ್ಟೆಬಿಲೈಸರ್ ತಡೆಯುತ್ತದೆ ಅಂತ ನಂಬಿಕೊಂಡು ಕೂರಬೇಡಿ.

ಹಿಚ್ಚಿನದ್ದಲ್ಲದ ಸದ್ದುಗಳು

ಜಾಕಿ ವೀಲಿನ ಕ್ಲ್ಯಾಂಪ್ ಸಡಿಲ. ಕ್ಯಾರವಾನ್ ಕಳಚಿಕೊಂಡರೆ ಅದರ ಬ್ರೇಕ್ ಎಳೆಯುವ ಬ್ರೇಕ್‌ಅವೇ ಕೇಬಲ್ ಕಂಬಿಗೆ ಬಡಿಯುವುದು. ಕರೆಂಟ್ ಪ್ಲಗ್ಗಿನ ವೈರ್ ನೆಲಕ್ಕೆ ತಾಗಿ ಸರಸರ ಅನ್ನುವುದು. ಮುಂದಿನ ಪೆಟ್ಟಿಗೆಯಲ್ಲಿ ಪಟ್ಟಿ ಕಟ್ಟದ ಗ್ಯಾಸ್ ಸಿಲಿಂಡರ್. ಹಿಚ್ ಬಿಚ್ಚುವ ಮೊದಲು ಇವಿಷ್ಟನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ, ಎಷ್ಟೋ ಸಲ ಅಲ್ಲೇ ಮುಗಿಯುತ್ತದೆ. ಸಿಲಿಂಡರ್ ಸದ್ದು ಮಾಡಿದರೆ ಅದನ್ನು ಆ ಕ್ಷಣವೇ ಬಿಗಿಯಾಗಿ ಕಟ್ಟಿ.

ಕೆಲಸ ಮುಗಿದ ಮೇಲೆ

ಮತ್ತೆ ಕಟ್ಟುವಾಗ ಕಪ್ಲಿಂಗ್ ಸೂಚಕದಲ್ಲಿ ಹಸಿರು ಕಾಣಬೇಕು. ಅಷ್ಟಕ್ಕೇ ಬಿಡಬೇಡಿ. ಸ್ಟೆಬಿಲೈಸರ್ ಒತ್ತುವ ಮೊದಲು ಜಾಕಿ ವೀಲನ್ನು ಒಂದೆರಡು ಸುತ್ತು ಇಳಿಸಿ ಮೂತಿಯನ್ನು ಮೇಲೆತ್ತಿ. ಕಾರಿನ ಹಿಂಭಾಗವೂ ಜೊತೆಗೆ ಮೇಲೇಳಬೇಕು. ಆಗ ಕಪ್ಲಿಂಗ್ ನಿಜವಾಗಿ ಹಿಡಿದಿದೆ. ಬ್ರೇಕ್‌ಅವೇ ಕೇಬಲ್ ಹಾಕಿ, ಜಾಕಿ ವೀಲ್ ಪೂರ್ತಿ ಮೇಲೆತ್ತಿ ಕ್ಲ್ಯಾಂಪ್ ಬಿಗಿ ಮಾಡಿ, ಆಮೇಲೆ ಸ್ಟೆಬಿಲೈಸರ್ ಒತ್ತಿ.

ಕಂಬಿಗಳು ಸೇರುವ ಕಡೆ, ಟೋ ಬಾರ್ ಕಾರಿನ ಚಾಸಿಗೆ ಕೂತಿರುವ ಕಡೆ ಬಣ್ಣದಲ್ಲಿ ಕೂದಲೆಳೆಯಂಥ ಗೆರೆ, ಅದರ ಉದ್ದಕ್ಕೂ ತುಕ್ಕಿನ ನೀರಿಳಿದ ಗುರುತು ಕಂಡರೆ ಗಾಡಿ ಅಲ್ಲೇ ನಿಲ್ಲಲಿ. ಅದು ಬಿರುಕು. ಎಳೆದುಕೊಂಡು ಗ್ಯಾರೇಜಿಗೆ ಹೋಗುವುದೂ ಬೇಡ, ಲಾರಿಯ ಮೇಲೇರಿಸಿ ಕಳಿಸಿ.

ಪ್ಯಾಡ್ ತರಿಸುವಾಗ ಕಪ್ಲಿಂಗ್ ತಲೆಯ ಮೇಲೆ ಅಚ್ಚಾಗಿರುವ ಮಾದರಿ ನಂಬರನ್ನು ಫೋಟೋ ತೆಗೆದು ಕಳಿಸಿ. ಒಂದೇ ಕಂಪನಿಯ ಹಳೇ ಮಾದರಿ, ಹೊಸ ಮಾದರಿಯ ಪ್ಯಾಡುಗಳು ಬೇರೆ ಬೇರೆ. ಹೊರಗಿನಿಂದ ಬರಬೇಕು, ತಡವಾಗುತ್ತದೆ. ಈ ನಡುವೆ ಯಾರಾದರೂ ಲಾರಿ ಬ್ರೇಕ್ ಲೈನಿಂಗ್ ಕತ್ತರಿಸಿ ಅಂಟಿಸಿಕೊಡುತ್ತೇವೆ ಅನ್ನಬಹುದು. ಒಪ್ಪಬೇಡಿ. ಅದರ ಗಡಸುತನವೇ ಬೇರೆ, ಬಾಲನ್ನು ಗೀರುತ್ತದೆ, ದಪ್ಪ ಸರಿಹೊಂದದೆ ಹಿಡಿಯ ಗುರುತೂ ಸುಳ್ಳು ಹೇಳುತ್ತದೆ. ಬಂದ ಪ್ಯಾಡುಗಳನ್ನು ಎಡಬಲ ಜೋಡಿಯಾಗಿ, ಮುಂದೆ ಹಿಂದಿನವನ್ನು ಜೋಡಿಯಾಗಿಯೇ ಹಾಕಿ. ಹಾಕುವ ಹೊತ್ತಿಗೆ ಬಾಲ್ ಉಜ್ಜಿ ಒಣಗಿರಲಿ, ಹಳೇ ಟೋಪಿ ಕಸದ ಬುಟ್ಟಿಗೆ ಹೋಗಿರಲಿ.